ಒಂದು ಮನೆಗೆ ಒಂದೇ ಗುಂಗುರು

ಧುಳೆ, ಖಾನದೇಶ
ತಾ. 20-6-1936

ಬೆಂಗೇರಿಯ ಕಲಾಯಿಗಾರ ಅಲ್ಲಾಸಾಬನಿಗೆ ಹತ್ತಿ ಬೀಜದ ಖಾತೆಯ ಸುಪರವೈಜರ ಕುಬೇರಪ್ಪ ಬರೆಯುವುದು.

ನನ್ನ ಹೆಸರು ನಿನಗೆ ನೆನಪಿರಲಿಕ್ಕಿಲ್ಲ, ಮುಖ ನೆನಪಿದ್ದೀತು. ಹೋದ ಶ್ರಾವಣದಲ್ಲಿ, ಈ ಕಡೆಗೆ ವರ್ಗವಾಗುವ ಮೊದಲು, ಅಮರಗೋಳದ ಬೀಜದ ಹೊಲ ನೋಡಿಕೊಂಡು ಸೈಕಲ್ಲಿನ ಮೇಲೆ ಬರುವಾಗ ಮಳೆ ಹಿಡಿದು, ನಿನ್ನ ಅಂಗಡಿಯ ತಗಡಿನ ಕೆಳಗೆ ಎರಡು ತಾಸು ಕಳೆದವನು ನಾನು. ನೀನು ಯಾರದೋ ಮದುವೆಯ ಹಂಡೆಗೆ ಕಲಾಯಿ ಹಾಕುತ್ತಿದ್ದಿ. ಒಂದು ಹುಂಜ ಬಂದು ನನ್ನ ಚಪ್ಪಲಿಯ ಮೇಲೆ ನಿಂತಿತು. ಅದರ ಗರಿಗಳೆಲ್ಲ ತಿರುವುಮುರುವಾಗಿ ತಲೆಯ ಕಡೆ ಸುರುಳಿ ಸುತ್ತಿಕೊಂಡಿದ್ದವು. ಗಾಳಿಗೆ ಕೆದರಿದೆ ಅಂದುಕೊಂಡೆ. ನೀನು ನಕ್ಕು, 'ಅದು ಹುಟ್ಟಿದ್ದ ಹಂಗ್ರಿ' ಎಂದಿ.

ಈಗ ಆ ಹುಂಜದ ಕೆಲಸ ಬಿದ್ದಿದೆ. ಧಾರವಾಡದ ಹತ್ತಿರ ಹೊಸದಾಗಿ ಒಂದು ಕೋಳಿ ಫಾರ್ಮು ಆಗುವುದಿದೆ. ನಮ್ಮ ಸಾಹೇಬರಿಗೆ ಅದರ ಉಸ್ತುವಾರಿ. ಊರ ಕೋಳಿಗಳಲ್ಲಿ ಅಪರೂಪದ ತಳಿ ಇದ್ದರೆ ಹೇಳಿರಿ ಎಂದರು. ನಾನು ನಿನ್ನ ಹುಂಜದ ಮಾತು ತೆಗೆದೆ. ಅವರು ಕೇಳಿದ್ದು ಒಂದೇ: ಇದರ ಮರಿಗಳೆಲ್ಲ ಹೀಗೆ ಗುಂಗುರು ಗರಿಯವಾಗಿಯೇ ಹುಟ್ಟುತ್ತವೆಯೇ? ಅಂಥ ಶುದ್ಧ ತಳಿಯನ್ನು ಒಂದೂವರೆ ವರ್ಷದಲ್ಲಿ ಮಾಡಿ ತೋರಿಸಿದರೆ ಅಲ್ಲಿಯ ಜಮಾದಾರಿ ನಿನಗೆ. ಕಾಯಂ ನೌಕರಿ, ಇರಲಿಕ್ಕೆ ಎರಡು ಖೋಲಿ.

ತಳಿ ಶುದ್ಧ ಮಾಡುವುದು ನನಗೆ ಹೊಸದಲ್ಲ. ಹದಿನೈದು ವರ್ಷ ಹತ್ತಿಯಲ್ಲಿ ಅದನ್ನೇ ಮಾಡಿದ್ದೇನೆ. ಹೊಲದಲ್ಲಿ ಬೆರಕೆ ಗಿಡ ಕಂಡರೆ ಹೂ ಬಿಡುವ ಮೊದಲೇ ಕಿತ್ತು ಒಗೆಯುತ್ತೇವೆ. ಉಳಿದವುಗಳಲ್ಲಿ ಎಲ್ಲಕ್ಕೂ ಚೆನ್ನಾಗಿರುವುದನ್ನು ಆರಿಸಿ ಅದರ ಬೀಜವನ್ನಷ್ಟೇ ಬಿತ್ತುತ್ತೇವೆ. ನೀನೂ ಹಾಗೇ ಮಾಡು. ಗುಂಗುರು ಇದ್ದವನ್ನೆಲ್ಲ ಒಂದೇ ಗೂಡಿನಲ್ಲಿ ಕೂಡಿಸು. ಸಾದಾ ಗರಿಯವನ್ನು ಮಾರು, ಕೊಯ್ಯಿ, ಏನಾದರೂ ಮಾಡು, ಅಂಗಳದಲ್ಲಿ ಮಾತ್ರ ಇಡಬೇಡ.

ಇನ್ನೊಂದು ಮಾತು. ನಮ್ಮದು ಲಿಂಗವಂತರ ಮನೆ. ನನ್ನ ಹೆಂಡತಿ ಚನ್ನಬಸವ್ವ ತತ್ತಿ ಎಂಬ ಶಬ್ದ ಕಿವಿಗೆ ಬಿದ್ದರೂ ಬಾಯಿ ಮುಕ್ಕಳಿಸುವವಳು. ಪತ್ರವನ್ನು ಲಕೋಟೆಯಲ್ಲಿ ಹಾಕಿ ಆಫೀಸಿನ ವಿಳಾಸಕ್ಕೆ ಕಳಿಸು. ಒಳಗೆ ಕೋಳಿ ಎಂದು ಬರೆಯದೆ ಗಿಡ ಎಂದು ಬರೆದರೆ ಇನ್ನೂ ಒಳ್ಳೆಯದು.

ಕುಬೇರಪ್ಪ


ಬೆಂಗೇರಿ, ಹುಬ್ಬಳ್ಳಿ ತಾಲೂಕು
ತಾ. 6-7-1936

ಕುಬೇರಪ್ಪನವರಿಗೆ ಅಲ್ಲಾಸಾಬನ ಸಲಾಮು.

ಅಣ್ಣನಿಗೆ ಸಹಿ ಬಿಟ್ಟರೆ ಬೇರೆ ಅಕ್ಷರ ಬರುವುದಿಲ್ಲ. ಅವನು ಹೇಳುತ್ತಾನೆ, ನಾನು ಬರೆಯುತ್ತೇನೆ. ನಾನು ಅವನ ತಂಗಿ ರಸೂಲಬಿ. ಕನ್ನಡ ಸಾಲಿಯಲ್ಲಿ ಐದನೆಯ ಇಯತ್ತೆ ಪಾಸಾಗಿದ್ದೇನೆ. ತಪ್ಪಿದ್ದರೆ ತಿದ್ದಿ ಓದಿಕೊಳ್ಳಿರಿ.

ನಿಮ್ಮ ಪತ್ರ ಓದುತ್ತಿದ್ದಾಗ ಅಣ್ಣ ತಿದಿ ಒತ್ತುವುದನ್ನು ಬಿಟ್ಟು ಕುಳಿತ. 'ಖೋಲಿ ಅಂದಾರೋ ಇಲ್ಲೋ, ಮತ್ತೊಮ್ಮೆ ಓದು' ಎಂದ. ಓದಿದೆ. 'ಇನ್ನೊಮ್ಮೆ' ಎಂದ. ಮೂರು ಸಲ ಓದಿಸಿದ.

ಯಾಕೆಂಬುದನ್ನೂ ಬರಿ ಎನ್ನುತ್ತಾನೆ. ನಾನು ಒಲ್ಲೆನೆಂದರೂ ಕೇಳುವುದಿಲ್ಲ. ನನ್ನನ್ನು ಸವಣೂರಿಗೆ ಕೊಟ್ಟಿದ್ದರು. ಹೋದ ವರ್ಷ ಮುರಿದ ಕೈಯಿಟ್ಟುಕೊಂಡು ತಿರುಗಿ ಬಂದೆ. ಎಡಗೈ, ಬರೆಯುವುದಲ್ಲ. ಗಂಡನ ಕಡೆಯವರು ಕರೆಯಲು ಬರುತ್ತಲೇ ಇದ್ದಾರೆ. ಇಲ್ಲಿ ಒಂದೇ ಖೋಲಿ. ಅಣ್ಣ, ಭಾಬಿ ರಾಜಬಿ, ಮೂರು ಮಕ್ಕಳು, ಅಜ್ಜಿ ಮದೀನಾಬಿ. ನಾನು ಕಲಾಯಿ ಸಾಮಾನು ಇಡುವ ಕೊಟಡಿಯಲ್ಲಿ ಮಲಗುತ್ತೇನೆ. ಇಟ್ಟುಕೊಳ್ಳುವ ತ್ರಾಣ ಇಲ್ಲದಿದ್ದರೆ ತಂಗಿಯನ್ನು ಕಳಿಸು ಎಂದು ಹಿರಿಯರು ಅಣ್ಣನಿಗೆ ಹೇಳಿದ್ದಾರೆ. ಅಣ್ಣನ ಮಾತು ಅವನ ಬಾಯಿಯಲ್ಲೇ ಕೇಳಿರಿ: 'ಸರಕಾರಿ ನೌಕರಿ, ಸರಕಾರಿ ಖೋಲಿ ಇದ್ರ ಯಾವನೂ ನನ್ನ ಬಾಗಲಿಗೆ ಬಂದು ಮಾತಾಡಂಗಿಲ್ಲ. ಅದಕ್ಕ ಕೇಳಾಕತ್ತೇನಿ, ಜಮಾದಾರಿ ಮಾತು ಖರೇ ಏನ್ರಿ?'

ಇನ್ನು ಗಿಡಗಳ ವಿಷಯ. ನಮ್ಮಲ್ಲಿ ಸದ್ಯ ಒಂದೇ ಗುಂಗುರು ಗಿಡ ಇದೆ, ನಿಮ್ಮ ಚಪ್ಪಲಿಯ ಮೇಲೆ ನಿಂತದ್ದು. ಉಳಿದವನ್ನು ಬೇರೆ ಬೇರೆ ಮನೆಗಳಿಗೆ ಪಾಲಿಗೆ ಕೊಟ್ಟಿದ್ದೇವೆ. ಅವರು ಸಾಕಬೇಕು, ಮರಿಗಳಲ್ಲಿ ಅರ್ಧ ಅವರಿಗೆ, ಅರ್ಧ ನಮಗೆ. ಅಜ್ಜಿಯ ಅತ್ತೆಯ ಕಾಲದಿಂದ ಒಂದು ಮನೆಗೆ ಒಂದೇ ಗುಂಗುರು. ಹುಂಜ ಗುಂಗುರಿದ್ದರೆ ಹ್ಯಾಟಿಗಳೆಲ್ಲ ಸಾದಾ ಇರಬೇಕು, ಹ್ಯಾಟಿ ಗುಂಗುರಿದ್ದರೆ ಹುಂಜ ಸಾದಾ. ಎರಡು ಗುಂಗುರು ಒಂದೇ ಮಾಡಿನ ಕೆಳಗೆ ಕೂಡಿದರೆ ಆ ಮನೆಯ ಒಂದು ಜೀವ ಹೋಗುತ್ತದೆ ಎನ್ನುತ್ತಾಳೆ ಅಜ್ಜಿ. ನೀವು ಹೇಳುವುದು ಇದಕ್ಕೆ ಉಲ್ಟಾ ಆಗಿದೆ. ಏನು ಮಾಡಲಿ?

ಸಹಿ: ಅಲ್ಲಾಸಾಬ
ಬರೆದವಳು ರಸೂಲಬಿ


ಧುಳೆ
ತಾ. 19-7-1936

ಅಲ್ಲಾಸಾಬ,

ಜಮಾದಾರಿಯ ಮಾತು ಖರೆ. ಸಾಹೇಬರ ಎದುರಿಗೆ ನಿನ್ನ ಹೆಸರು ಬರೆಸಿದ್ದೇನೆ. ತಳಿ ಸಿದ್ಧವಾದ ದಿನ ಖೋಲಿಯ ಕೀಲಿ ನಿನ್ನ ಕೈಗೆ ಬರುವಂತೆ ಮಾಡುವುದು ನನ್ನ ಹೊಣೆ.

ನಿಮ್ಮ ಅಜ್ಜಿಗೆ ನನ್ನ ನಮಸ್ಕಾರ ಹೇಳು. ಆದರೆ ಅವರ ಕಾಲದಲ್ಲಿ ಹತ್ತಿಯೂ ಹೀಗೆ ಎಲ್ಲ ಬೆರೆತೇ ಬೆಳೆಯುತ್ತಿತ್ತು. ಅದಕ್ಕೇ ಎಳೆ ಗಿಡ್ಡವಾಗಿ ಗಿರಣಿಯವರು ಮುಖ ತಿರುವುತ್ತಿದ್ದರು. ಜೀವ ಹೋಗುತ್ತದೆ ಎಂಬುದೆಲ್ಲ ಹೆದರಿಕೆಯ ಮಾತು. ಪಾಲಿಗೆ ಕೊಟ್ಟ ಗಿಡಗಳನ್ನೆಲ್ಲ ತಿರುಗಿ ತರಿಸು.

ಪತ್ರ ಬರೆದ ತಂಗಿಯ ಅಕ್ಷರ ನಮ್ಮ ಆಫೀಸಿನ ಕಾರಕೂನನಿಗಿಂತ ದುಂಡಗಿದೆ. ಮುಂದೆಯೂ ಅವಳೇ ಬರೆಯಲಿ.

ಕುಬೇರಪ್ಪ


ಬೆಂಗೇರಿ
ತಾ. 1-11-1936

ಕುಬೇರಪ್ಪನವರಿಗೆ ಸಲಾಮು.

ಪತ್ರಕ್ಕೆ ತಡವಾಯಿತು. ಮೂರು ಗುಂಗುರು ಹ್ಯಾಟಿಗಳು ತಿರುಗಿ ಬಂದಿವೆ. ಓಣಿಯ ಕೊನೆಯ ಸಂಗವ್ವ ತನ್ನದನ್ನು ಕೊಡುವಾಗ ಅತ್ತಳು. 'ನಾ ಏನರೆ ತಪ್ಪ ಮಾಡೀನೇನ, ಪಾಲು ಯಾಕ ಮುರೀತಿ' ಎಂದು ಅಣ್ಣನನ್ನು ಕೇಳಿದಳು. ಅವನು ಹ್ಯಾಟಿಯನ್ನು ಬಗಲಲ್ಲಿಟ್ಟುಕೊಂಡು ಬಂದ. ಮನೆಯ ಸಾದಾ ಹ್ಯಾಟಿಗಳನ್ನು ಹುಬ್ಬಳ್ಳಿ ಸಂತೆಯಲ್ಲಿ ಮಾರಿದ. ಕರಿಯದನ್ನು ಮಾತ್ರ ಯಾರೂ ಕೊಳ್ಳಲಿಲ್ಲ, ಮುದಿಯಾಗಿತ್ತು. ಅದನ್ನು ಮನೆಯಲ್ಲೇ ಕೊಯ್ದರು. ನಮ್ಮ ಎಲ್ಲ ಗುಂಗುರುಗಳ ತಾಯಿ ಅದು. ಅಜ್ಜಿ ಆ ದಿವಸ ಊಟ ಮಾಡಲಿಲ್ಲ.

ಹನ್ನೊಂದು ಮರಿಗಳಾಗಿವೆ. ಈಗ ಗರಿ ಬಂದು ಗುರುತು ಹತ್ತುತ್ತದೆ. ಮೂರು ಸಾದಾ. ಐದು ತಂದೆಯ ಹಾಗೆ ಗುಂಗುರು. ಉಳಿದ ಮೂರು ಬೇರೆಯೇ ಥರ ಇವೆ. ಅವುಗಳ ಗರಿ ಬಹಳ ಸುತ್ತಿಕೊಂಡಿದೆ, ದಾರದ ಹಾಗೆ ಸಣ್ಣ, ಮುಟ್ಟಿದರೆ ಮುರಿಯುತ್ತದೆ. ಅಲ್ಲಲ್ಲಿ ಚರ್ಮ ಕಾಣುತ್ತದೆ. ಇವನ್ನು ಏನು ಮಾಡಬೇಕು?

ನಿಮ್ಮ ಗಿಡಗಳು ಮುಂಜಾನೆ ಐದಕ್ಕೇ ಕೂಗಿ ಓಣಿಯನ್ನೆಲ್ಲ ಎಬ್ಬಿಸುತ್ತವೆ. ಖಾನದೇಶದ ಗಿಡಗಳು ಯಾವಾಗ ಕೂಗುತ್ತವೆ ಎಂದು ತಿಳಿಸಬೇಕು. ಇದು ಅಣ್ಣ ಹೇಳಿದ್ದಲ್ಲ, ನಾನೇ ಕೇಳಿದ್ದು.

ಸಹಿ: ಅಲ್ಲಾಸಾಬ
ಬರೆದವಳು ರಸೂಲಬಿ


ಧುಳೆ
ತಾ. 12-11-1936

ಅಲ್ಲಾಸಾಬ,

ನಿನ್ನ ತಂಗಿಯ ಕುಚೋದ್ಯ ಓದಿ ಆಫೀಸಿನಲ್ಲಿ ಒಬ್ಬನೇ ನಕ್ಕೆ. ಇಲ್ಲಿಯ ಗಿಡಗಳು ಮೂಕ ಎಂದು ಹೇಳು.

ಬೇರೆ ಥರ ಇರುವ ಆ ಮೂರೇ ನಮಗೆ ಬೇಕಾದವು. ಗುಂಗುರು ಎಲ್ಲಕ್ಕೂ ಹೆಚ್ಚು ಇರುವುದು ಅವುಗಳಲ್ಲೇ ಅಲ್ಲವೇ? ಬೀಜಕ್ಕೆ ಅವನ್ನೇ ಇಡು. ಸಾದಾ ಮೂರನ್ನು ಕೂಡಲೇ ತೆಗೆ. ಗರಿ ಮುರಿಯುವುದು ಮೊದಲ ಪೀಳಿಗೆಯ ಅಶಕ್ತತೆ ಇದ್ದೀತು. ತೌಡು, ಸಜ್ಜೆಯ ನುಚ್ಚು ಹೆಚ್ಚು ಹಾಕಿರಿ.

ಕುಬೇರಪ್ಪ


ಬೆಂಗೇರಿ
ತಾ. 2-11-1937

ಕುಬೇರಪ್ಪನವರಿಗೆ ಸಲಾಮು.

ವರ್ಷ ತುಂಬಿತು. ನಡುವೆ ಎರಡು ಕಾರ್ಡು ಹಾಕಿದ್ದೆವು, ಗಿಡ ಎಂದೇ ಬರೆದಿದ್ದೆ, ಮುಟ್ಟಿರಬೇಕು. ಆರಿಸಿಟ್ಟ ಮೂರರಲ್ಲಿ ಹುಂಜ ಮಳೆಗಾಲದಲ್ಲಿ ಹೋಯಿತು. ಎರಡು ಹ್ಯಾಟಿ ಉಳಿದವು. ಬೀಜಕ್ಕೆ ಬೇಡವಾದ ಉಳಿದ ಗುಂಗುರು ಹ್ಯಾಟಿಗಳನ್ನೂ ಮರಿಗಳನ್ನೂ ಅಣ್ಣ ಮಾರಿದ. ನನ್ನ ಹಳೆಯ ಕುಪ್ಪಸ ಹರಿದು ಅವಕ್ಕೆ ಅಂಗಿ ಹೊಲಿದು ಹಾಕಿದ್ದೆ. ಓಣಿಯ ಮಕ್ಕಳು ನೋಡಲು ಬರುತ್ತಿದ್ದರು.

ಈಗ ಕೇಳಿರಿ. ಅವೆರಡನ್ನು ಹಳೆಯ ಹುಂಜದ ಜೊತೆ ಕೂಡಿಸಿದ್ದಕ್ಕೆ ಹನ್ನೆರಡು ಮರಿಗಳಾಗಿವೆ. ಒಂದೂ ಸಾದಾ ಇಲ್ಲ. ಅಣ್ಣ ನಾಲ್ಕು ಸಲ ಎಣಿಸಿದ. 'ಬರಿ, ಲಗೂನ ಬರಿ, ಒಂದೂ ಸಾದಾ ಇಲ್ಲ ಅಂತ ಬರಿ' ಎಂದು ಮೈಮೇಲೆ ನಿಂತಿದ್ದಾನೆ.

ಆದರೆ ಹನ್ನೆರಡರಲ್ಲಿ ಏಳು ಬೋಳು ಆಗುತ್ತಿವೆ. ಗರಿ ಬರುತ್ತದೆ, ಸುತ್ತಿಕೊಳ್ಳುತ್ತದೆ, ಉದುರುತ್ತದೆ. ಇದನ್ನು ಬರೆಯಬೇಡ ಎಂದ ಅಣ್ಣ. ನಾನು ಬರೆದಿದ್ದೇನೆ. ಅವನಿಗೆ ಓದಲು ಬರುವುದಿಲ್ಲವಲ್ಲ.

ಸವಣೂರಿನವರು ಮತ್ತೆ ಬಂದಿದ್ದರು. ಬಕ್ರೀದಿಗೆ ಕರೆದುಕೊಂಡೇ ಹೋಗುತ್ತೇವೆ ಎಂದು ಹಿರಿಯರ ಎದುರಿಗೆ ಹೇಳಿ ಹೋದರು. ಬಕ್ರೀದು ಫೆಬ್ರುವರಿಯಲ್ಲಿ. ಅದಕ್ಕೂ ಮೊದಲು ನಿಮ್ಮ ಸಾಹೇಬರು ಬರುವಂತೆ ಮಾಡಿರಿ. ನಾನು ಯಾರಿಗೂ ಕೈಯೊಡ್ಡಿದವಳಲ್ಲ, ನಿಮಗೆ ಕೇಳುತ್ತಿದ್ದೇನೆ. ಆ ಮನೆಗೆ ನಾನು ತಿರುಗಿ ಹೋಗಲಾರೆ.

ಸಹಿ: ಅಲ್ಲಾಸಾಬ
ಬರೆದವಳು ರಸೂಲಬಿ


ಧುಳೆ
ತಾ. 10-11-1937

ಅಲ್ಲಾಸಾಬ,

ಹನ್ನೆರಡಕ್ಕೆ ಹನ್ನೆರಡು. ನಿನ್ನ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ನಾಲ್ಕು ದಿವಸ ತಿರುಗಿದೆ. ಶುದ್ಧ ತಳಿ ಸಿದ್ಧವಾಗಿದೆ ಎಂದು ಸಾಹೇಬರಿಗೆ ರಿಪೋರ್ಟು ಬರೆದು ಕೊಟ್ಟಿದ್ದೇನೆ. ಜನೇವರಿಯ ಮೂರನೆಯ ವಾರದಲ್ಲಿ ಅವರನ್ನು ಕರೆದುಕೊಂಡು ನಾನೇ ಬೆಂಗೇರಿಗೆ ಬರುತ್ತೇನೆ. ಬಕ್ರೀದಿಗಿಂತ ಮೊದಲೇ ಆಯಿತು. ತಂಗಿಗೆ ಧೈರ್ಯ ಹೇಳು.

ಬೋಳಿನ ಚಿಂತೆ ಮಾಡಬೇಡ. ಸಾಹೇಬರು ಬರುವ ತನಕ ಹನ್ನೆರಡೂ ಜೀವದಿಂದ ಇರಬೇಕು, ಅಷ್ಟೇ. ಎಣಿಕೆಯೇ ಪುರಾವೆ.

ಕುಬೇರಪ್ಪ


ಬೆಂಗೇರಿ
ತಾ. 3-12-1937

ಕುಬೇರಪ್ಪನವರಿಗೆ ಸಲಾಮು.

ಚಳಿ ಬಿದ್ದಿದೆ. ಬೋಳು ಏಳರಲ್ಲಿ ನಾಲ್ಕು ಸತ್ತವು. ಗುಂಗುರು ಒಂದನ್ನು ಹದ್ದು ಒಯ್ದಿತು. ಏಳು ಉಳಿದಿವೆ. ಬೋಳು ಮೂರನ್ನು ನಾನು ಸೆರಗಿನಲ್ಲಿಟ್ಟುಕೊಂಡೇ ರೊಟ್ಟಿ ಬಡಿಯುತ್ತೇನೆ. ಅವುಗಳ ಎದೆ ಡವಡವ ಬಡಿಯುವುದು ಹೊಟ್ಟೆಗೆ ಗೊತ್ತಾಗುತ್ತದೆ. ಗಿಡಕ್ಕೆ ಚಳಿ ಹತ್ತುವುದಿಲ್ಲ ಕುಬೇರಪ್ಪನವರೇ, ಇವಕ್ಕೆ ಹತ್ತುತ್ತದೆ. ಇನ್ನು ಮೇಲೆ ನಾನು ಕೋಳಿ ಎಂದೇ ಬರೆಯುತ್ತೇನೆ.

ಎರಡು ಮಾತು ಕೇಳಬೇಕಾಗಿದೆ. ಒಂದು, ಅಜ್ಜಿ ಹೇಳುವ ಹಾಗೆ ಸಾದಾ ಹ್ಯಾಟಿ ತಂದು ಹಳೆಯ ಹುಂಜದ ಜೊತೆ ಬಿಡೋಣವೇ? ಹಾಗೆ ಆದ ಮರಿಗಳು ಎಂದೂ ಬೋಳಾಗಿರಲಿಲ್ಲ. ಎರಡು, ನಾನು ಮಲಗುವ ಕೊಟಡಿಯಲ್ಲಿ ಮರಿಗಳನ್ನಿಟ್ಟು ಕಲಾಯಿ ಇದ್ದಿಲಿನ ಬಾನಿ ಇಡೋಣವೇ? ಅಣ್ಣ ಇದಕ್ಕೆ ಒಪ್ಪುವುದಿಲ್ಲ. ಅವನು ಇದ್ದಿಲನ್ನು ಯಾವಾಗಲೂ ಬಯಲಿನಲ್ಲೇ ಹಚ್ಚುವವನು. 'ಒಳಗ ಹಚ್ಚಿದ್ರ ತಲಿ ತಿರಗತೈತಿ, ಬ್ಯಾಡ' ಎನ್ನುತ್ತಾನೆ. ಆದರೆ ನಾಡದು ಈದು ಮುಗಿಸಿಕೊಂಡು ಅವನು ಕುಂದಗೋಳದ ಕಡೆಯ ಹಳ್ಳಿಗಳಿಗೆ ಕಲಾಯಿಗೆಂದು ಹೋಗುತ್ತಾನೆ, ಹತ್ತು ಹನ್ನೆರಡು ದಿವಸ ಬರುವುದಿಲ್ಲ. ನೀವು ಏನು ಬರೆಯುತ್ತೀರೋ ಹಾಗೆ ಮಾಡುತ್ತೇನೆ.

ರಸೂಲಬಿ


ಧುಳೆ
ತಾ. 11-12-1937

ಅಲ್ಲಾಸಾಬನ ಮನೆಯವರಿಗೆ,

ಸಾದಾ ಹ್ಯಾಟಿಯ ಮಾತು ಈಗ ಎತ್ತಬೇಡಿರಿ. ಸಾಹೇಬರು ನೋಡಿ ಹೋಗಲಿ, ಆಮೇಲೆ ವಿಚಾರ ಮಾಡೋಣ.

ಇದ್ದಿಲು ಕೊಟಡಿಯ ಒಳಗೇ ಇಡಿರಿ. ಹೊಗೆ ಆಡುವ ತನಕ ಹೊರಗೆ ಹಚ್ಚಿ, ಕೆಂಡವಾದ ಮೇಲೆ ಒಳಗೆ ತರಬೇಕು. ಕಿಡಕಿ ಇದ್ದರೆ ಗೋಣಿತಟ್ಟು ಬಡಿದು ಮುಚ್ಚಿರಿ, ಬಾಗಿಲ ಸಂದಿಗೆ ಅರಿವೆ ತುರುಕಿರಿ, ಥಂಡಿಗಾಳಿ ಸುಳಿಯಬಾರದು. ಒಂದು ವರ್ಷ ಜಡಿಮಳೆಯಲ್ಲಿ ಬೀಜದ ಕೋಣೆಯನ್ನು ನಾವು ಹೀಗೆಯೇ ಎಂಟು ದಿವಸ ಬೆಚ್ಚಗೆ ಇಟ್ಟಿದ್ದೆವು. ಬೀಜಕ್ಕೆ ಏನೂ ಆಗಲಿಲ್ಲ.

ಏಳು ಇದ್ದರೂ ಸಾಕು. ಇನ್ನು ಒಂದೂ ಹೋಗಬಾರದು. ಐದು ವಾರದ ಮಾತು.

ಕುಬೇರಪ್ಪ


ಬೆಂಗೇರಿ
ತಾ. 29-12-1937

ರಾ. ರಾ. ಕುಬೇರಪ್ಪನವರ ಸನ್ನಿಧಿಗೆ.

ತಮ್ಮ ಪತ್ರವು ತಲುಪಿತು. ಅದರಲ್ಲಿ ಬರೆದಂತೆ ಮಾಡಲಾಯಿತು. ಹಳೆಯ ಹುಂಜವು ಆರೋಗ್ಯದಿಂದಿದೆ. ಚಳಿಯು ಬಹಳವಾಗಿದೆ.

ಸಹಿ: ಅಲ್ಲಾಸಾಬ


ಧುಳೆ
ತಾ. 5-1-1938

ಅಲ್ಲಾಸಾಬ,

ಇದೆಂಥ ಪತ್ರ ಬರೆಸಿದಿ? ನಾಲ್ಕು ಸಾಲು, ಅದೂ ಕೋರ್ಟಿನ ಕಾಗದದ ಹಾಗೆ. ಮರಿಗಳು ಎಷ್ಟಿವೆ ಎಂಬುದೇ ಇಲ್ಲ. ಜಮಾದಾರಿ ಹತ್ತಿರ ಬಂದಿತೆಂದು ಈಗಲೇ ಮುಖ ಬಿಗಿಯುವುದು ಸರಿಯಲ್ಲ. ಅಕ್ಷರವೂ ಬೇರೆ. ರಸೂಲಬಿಗೆ ಏನು ಧಾಡಿ? ನಾನು ಸಾದಾ ಹ್ಯಾಟಿ ಬೇಡವೆಂದದ್ದಕ್ಕೆ ಮುನಿಸಿಕೊಂಡಿದ್ದಾಳೆಯೇ? ಅವಳ ಹತ್ತಿರವೇ ಬರೆಸು.

ಇದರ ಜೊತೆ ಅವಳಿಗಾಗಿ ಒಂದು ಪೆನ್ನು ಪಾರ್ಸೆಲ್ ಮಾಡಿದ್ದೇನೆ. ಫಾರ್ಮಿಗೆ ಹೋದ ಮೇಲೆ ಕೋಳಿಗಳ ಲೆಕ್ಕ ಇಡಲಿಕ್ಕೆ ಬೇಕಾದೀತು. ನೋಡು, ನಾನೂ ಕೋಳಿ ಎಂದು ಬರೆದೆ.

20ನೆಯ ತಾರೀಖಿಗೆ ಸಾಹೇಬರ ಜೊತೆ ಬರುತ್ತೇನೆ.

ಕುಬೇರಪ್ಪ


ಬೆಂಗೇರಿ
ತಾ. 11-1-1938

ಕುಬೇರಪ್ಪನವರಿಗೆ.

ಪೆನ್ನು ಬಂದಿತು. ಈ ಪತ್ರವನ್ನು ಅದರಿಂದಲೇ ಬರೆಯಲಾಗಿದೆ. ಬರೆಯುವವನು ಬೆಂಗೇರಿ ಸಾಲಿಯ ಮಾಸ್ತರ ಚನ್ನಯ್ಯ. ಇನ್ನು ಮುಂದಿನದು ಅಲ್ಲಾಸಾಬನು ಹೇಳಿದ್ದು.

ಸಾಹೇಬರನ್ನು ಕರೆತರಬೇಡಿರಿ. ತೋರಿಸಲಿಕ್ಕೆ ಏನೂ ಇಲ್ಲ. ರಸೂಲಬಿ ಡಿಸೆಂಬರ್ 17ನೆಯ ತಾರೀಖು ತೀರಿಕೊಂಡಳು. ನಾನು ಹಳ್ಳಿಯಲ್ಲಿದ್ದೆ. ಮುಂಜಾನೆ ನನ್ನ ಹೆಂಡತಿ ಕೊಟಡಿಯ ಬಾಗಿಲು ತಟ್ಟಿದಳು, ತೆರೆಯಲಿಲ್ಲ. ಸಂದಿಗೆಲ್ಲ ಅರಿವೆ ತುರುಕಿತ್ತು. ಓಣಿಯವರು ಬಾಗಿಲು ಮುರಿದು ನೋಡಿದರೆ ಅವಳು ಒಂದು ಮಗ್ಗುಲಾಗಿ ಮಲಗಿದ್ದಳು, ಮೂರು ಬೋಳು ಮರಿಗಳು ಅವಳ ಸೆರಗಿನಲ್ಲಿ ಇದ್ದವು. ಏಳೂ ಸತ್ತಿದ್ದವು. ಬಾನಿಯಲ್ಲಿ ಬೂದಿ ಇತ್ತು. ನಾನು ಬರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ತಂಗಿಯ ಮುಖ ನಾನು ನೋಡಲಿಲ್ಲ.

ಹಾಸಿಗೆಯ ಕೆಳಗೆ ನಿಮ್ಮ ಪತ್ರ ಸಿಕ್ಕಿತು. ಮಾಸ್ತರರು ಓದಿ ಹೇಳಿದರು. ಮರಿಗಳು ಉಳಿಯಲಿ, ನಮಗೆ ಖೋಲಿ ಸಿಗಲಿ ಎಂದೇ ನೀವು ಬರೆದದ್ದು. ನಿಮ್ಮ ಮೇಲೆ ನನಗೆ ಕೋಪವಿಲ್ಲ. ಇದ್ದಿಲು ಒಂದು ನೆವ ಅಷ್ಟೇ. ಎರಡು ಗುಂಗುರು ಕೂಡಿಸಬೇಡ, ಒಂದು ಜೀವ ಹೋಗುತ್ತದೆ ಎಂದು ಅಜ್ಜಿ ಅಂದೇ ಹೇಳಿದ್ದಳು. ನೌಕರಿಯ ಆಸೆಗೆ ನಾನು ಕೂಡಿಸಿದೆ. ತಂಗಿಯನ್ನು ಕೊಂದವನು ನಾನು. ಒಂದು ತಿಂಗಳಿಂದ ಅಜ್ಜಿಯ ಎದುರಿಗೆ ಕುಳಿತು ಉಂಡಿಲ್ಲ.

ಮೊದಲಿನ ಪತ್ರದಲ್ಲಿ ಇದನ್ನು ಹೇಳಬೇಕೆಂದಿದ್ದೆ. ಬಾಯಿಂದ ಹೊರಡಲಿಲ್ಲ. ನೀವು ಪೆನ್ನು ಕಳಿಸಿದ್ದರಿಂದ ಹೇಳಬೇಕಾಯಿತು.

ಸಹಿ: ಅಲ್ಲಾಸಾಬ


ಧುಳೆ
ತಾ. 18-1-1938

ಅಲ್ಲಾಸಾಬ ಅವರಿಗೆ,

ನಿಮ್ಮ ಪತ್ರ ಬಂದು ನಾಲ್ಕು ದಿವಸವಾಯಿತು. ನಿನ್ನೆ ರಾಜೀನಾಮೆ ಕೊಟ್ಟು ಸಾಹೇಬರಿಗೆ ಎಲ್ಲ ಹೇಳಿದೆ. ಅದರಿಂದ ನಿಮಗೆ ಆಗುವುದೇನೂ ಇಲ್ಲ ಎಂದು ಬಲ್ಲೆ.

ನೀವು ನಿಮ್ಮನ್ನೇ ಕೊಲೆಗಾರ ಎಂದು ಬರೆಸಿದ್ದೀರಿ. ಅದನ್ನು ಓದಿ ನಾನು ಸುಮ್ಮನಿರಬಹುದಾಗಿತ್ತು. ಮೊದಲ ಎರಡು ದಿವಸ ಸುಮ್ಮನಿರಬೇಕೆಂದೇ ಇದ್ದೆ. ನಿಮ್ಮ ಕೋಪವಿಲ್ಲ ಎಂಬ ಮಾತು ನನಗೆ ಹಿತವಾಗಿತ್ತು, ನಾಚಿಕೆ ಬಿಟ್ಟು ಹೇಳುತ್ತೇನೆ. ಆದರೆ ನೀವು ಅಜ್ಜಿಯ ಎದುರಿಗೆ ಉಣ್ಣುತ್ತಿಲ್ಲ ಎಂದು ಬರೆಸಿದ್ದೀರಲ್ಲ, ಅದು ನನ್ನನ್ನು ಬಿಡಲಿಲ್ಲ.

ಇದರ ಜೊತೆ ಒಂದು ಹಳೆಯ ಪತ್ರವಿದೆ. ರಸೂಲಬಿ ಎರಡು ಮಾತು ಕೇಳಿ ಬರೆದಿದ್ದಳಲ್ಲ, ಅದಕ್ಕೆ ನಾನು ಮೊದಲು ಬರೆದ ಉತ್ತರ ಇದೇ. ಲಕೋಟೆಗೆ ಅಂಟು ಹಚ್ಚಿ, ವಿಳಾಸ ಬರೆದು, ಮೇಜಿನ ಖಾನೆಯಲ್ಲಿ ಇಟ್ಟೆ. ಹಾಕಲಿಲ್ಲ. ಶುದ್ಧ ತಳಿ ಸಿದ್ಧ ಎಂದು ಸಾಹೇಬರಿಗೆ ಬರೆದುಕೊಟ್ಟ ರಿಪೋರ್ಟು ಸುಳ್ಳಾಗುತ್ತಿತ್ತು. ಐದು ವಾರ ದಾಟಿದರೆ ಸಾಕು ಎಂದುಕೊಂಡೆ. ಎರಡು ದಿವಸ ಬಿಟ್ಟು ಬೇರೆ ಉತ್ತರ ಬರೆದು ಹಾಕಿದೆ. ಅದು ಅವಳ ಹಾಸಿಗೆಯ ಕೆಳಗೆ ಸಿಕ್ಕದ್ದು.

ನಾನು ಈ ತನಕ ಒಂದು ಕೋಳಿಯನ್ನೂ ಕೈಯಲ್ಲಿ ಹಿಡಿದವನಲ್ಲ. ಅವಳು ಬರೆದಿದ್ದಳು, ಎದೆ ಬಡಿಯುವುದು ಗೊತ್ತಾಗುತ್ತದೆ ಎಂದು. ನಾನು ಅದನ್ನು ಓದಿ ಎಣಿಕೆಯನ್ನಷ್ಟೇ ನೋಡಿದೆ.

ಕುಬೇರಪ್ಪ


(ಜೊತೆಗಿದ್ದ ಪತ್ರ)

ಧುಳೆ
ತಾ. 9-12-1937

ರಸೂಲಬಿಗೆ,

ಪುಣೆಯ ಕಡೆಯಿಂದ ಒಬ್ಬ ದನದ ಡಾಕ್ಟರರು ಇಲ್ಲಿಗೆ ಬಂದಿದ್ದರು. ಕೋಳಿಗಳನ್ನು ಬಹಳ ವರ್ಷ ನೋಡಿದವರು. ನಿನ್ನ ಪತ್ರ ಅವರಿಗೆ ಓದಿ ಹೇಳಿದೆ. ಅವರು ನಕ್ಕುಬಿಟ್ಟರು. ಗುಂಗುರು ಕೋಳಿ ಎಂದೂ ಶುದ್ಧ ತಳಿ ಆಗುವುದಿಲ್ಲವಂತೆ. ಅದರ ರಕ್ತದಲ್ಲಿ ಗುಂಗುರು ಅರ್ಧ, ಉಳಿದರ್ಧ ಸಾದಾದ್ದು. ಎರಡು ಅರ್ಧ ಕೂಡಿಸಿದರೆ ಕಾಲುಭಾಗ ಬೋಳು ಹುಟ್ಟುತ್ತವೆ, ಬೋಳನ್ನೇ ಆರಿಸಿಟ್ಟರೆ ಬೋಳೇ ಹೆಚ್ಚುತ್ತವೆ. ಗುಂಗುರನ್ನು ಯಾವಾಗಲೂ ಸಾದಾ ಜೊತೆಗೇ ಬಿಡಬೇಕು. ನಿಮ್ಮ ಅಜ್ಜಿ ಹೇಳಿದ್ದೇ ಖರೆ. ಪಾಲಿಗೆ ಕೊಡುವ ನಿಮ್ಮ ರೂಢಿಯಿಂದಲೇ ಆ ತಳಿ ಈವರೆಗೆ ಉಳಿದಿತ್ತು. ನಾನು ಹತ್ತಿಯ ಬುದ್ಧಿ ಓಡಿಸಿ ಅದನ್ನು ಕೆಡಿಸಿದೆ.

ಬೋಳು ಮರಿಗಳು ಉಳಿಯುವುದಿಲ್ಲ. ಅವುಗಳಿಗಾಗಿ ನೀನು ಜೀವ ತೇಯಬೇಡ, ಹೋದರೆ ಹೋಗಲಿ. ಇದ್ದಿಲನ್ನು ಕೊಟಡಿಯ ಒಳಗೆ ಇಡಬೇಡ. ಅಣ್ಣ ಹೇಳಿದ್ದು ಸರಿ. ಅದು ಅವನ ಕಸಬು, ಅವನಿಗೆ ಗೊತ್ತು. ಸಾಹೇಬರಿಗೆ ನಾನು ತಪ್ಪು ಒಪ್ಪಿಕೊಂಡು, ಜಮಾದಾರಿಯನ್ನು ಬೇರೆ ದಾರಿಯಿಂದ ಕೇಳಿ ನೋಡುತ್ತೇನೆ. ಸಿಗುತ್ತದೆಂದು ಹೇಳಲಾರೆ.

ಕುಬೇರಪ್ಪ


ಬೆಂಗೇರಿ
ತಾ. 27-1-1938

ಕುಬೇರಪ್ಪನವರಿಗೆ.

ಮಾಸ್ತರ್ರಿಗೆ ಹೇಳೀನಿ, ಈ ಪತ್ರ ತಿದ್ದಿ ಬರೀಬ್ಯಾಡ್ರಿ, ನನ್ನ ಬಾಯಾಗ ಹೆಂಗ ಬರತೈತೋ ಹಂಗ ಬರೀರಿ ಅಂತ.

ನಿಮ್ಮ ಎರಡೂ ಪತ್ರ ಮುಟ್ಟಿದ್ವು. ಮಾಸ್ತರ್ರು ಅಂಗಡಿ ಮುಂದ ಕುಂತು ಮೊದಲ ಹೊಸಾದು ಓದಿದ್ರು, ಆಮ್ಯಾಲೆ ಹಳೇದು. ಹಳೇದು ಮುಗಿದ ಮ್ಯಾಲ ನಾ ಅಂದೆ, ಮ್ಯಾಲಿನ ತಾರೀಖು ಮತ್ತೊಮ್ಮೆ ಓದ್ರಿ. ಡಿಸೆಂಬರ್ ಒಂಬತ್ತು ಅಂದ್ರು. ಇನ್ನೊಮ್ಮೆ ಓದ್ರಿ ಅಂದೆ. ಓದಿದ್ರು. ಪೋಸ್ಟ್ ಮೂರು ದಿವಸಕ್ಕ ಬರತೈತಿ. ಹನ್ನೆರಡಕ್ಕ ಅದು ಆಕಿ ಕೈಯಾಗ ಇರತಿತ್ತು. ನಾ ಊರಾಗ ಇರಲಿಲ್ಲ, ಖರೆ. ಆದ್ರ ನಾ ಇರೂದು ಏನೂ ಬೇಕಾಗಿದ್ದಿಲ್ಲ. ಆಕಿಗೆ ಓದಾಕ ಬರತಿತ್ತು.

ಅಜ್ಜಿಗೆ ಎಲ್ಲಾ ಹೇಳಿದೆ. 'ಮಳ್ಯಾಗ ನಿಂತಾನ, ಪಾಪ ಅಂತ ನಾನ ಅವನಿಗೆ ಕೂಡಾಕ ಮಣಿ ಕೊಡಿಸಿದ್ದೆ' ಅಂದ್ಲು. ಆಮ್ಯಾಲೆ ನನ್ನ ತಾಟು ತಂದು ತನ್ನ ಮುಂದ ಇಟ್ಟು, ಉಣ್ಣು ಅಂದ್ಲು. ಉಂಡೆ.

ನೀವು ಕೆಟ್ಟ ಮನಷ್ಯಾ ಅಂತ ನಾ ಅನ್ನೂದಿಲ್ಲ. ಕೆಟ್ಟವರಾಗಿದ್ರ ಹಳೇ ಪತ್ರ ಸುಟ್ಟು ಹಾಕತಿದ್ರಿ. ಮೊದಲಿನ ಪತ್ರದಾಗ ಕೋಪ ಇಲ್ಲ ಅಂದಿದ್ದೆ, ಈಗ ಐತಿ. ನಾ ಸಾಯೂ ತನಕ ಇರತೈತಿ. ಇದನ್ನ ಬರೀರಿ ಅಂತ ಮಾಸ್ತರ್ರಿಗೆ ಎರಡು ಸಲ ಹೇಳೀನಿ.

ಸವಣೂರವರು ಮೊನ್ನೆ ಬಂದಿದ್ರು, ಆಕಿ ಟ್ರಂಕು ಕೇಳಾಕ. ಕೊಟ್ಟು ಕಳಿಸಿದೆ. ಒಳಗ ಎರಡು ಸೀರಿ ಇದ್ವು, ಮತ್ತ ಕೋಳಿ ಅಂಗಿ ಹೊಲದು ಉಳದ ಅರಿವಿ.

ಬೋಳು ಹ್ಯಾಟಿ ಎರಡೂ ಚಳಿಗೆ ಹೋದ್ವು. ಹುಂಜ ಒಂದ ಉಳದೈತಿ, ನಿಮ್ಮ ಚಪ್ಪಲಿ ಮ್ಯಾಲ ನಿಂತಿದ್ದು. ನಮ್ಮ ಅಂಗಳದಾಗ ಅದು ಕೂಗೂದು ನನಗ ಕೇಳಾಕ ಆಗಲಿಲ್ಲ. ಸಂಗವ್ವನ ಮನಿಗೆ ಪಾಲಿಗೆ ಕೊಟ್ಟೀನಿ. ಅಲ್ಲೆ ಐದು ಸಾದಾ ಹ್ಯಾಟಿ ಅದಾವ.

ಪೆನ್ನು ಮಾಸ್ತರ್ರ ಹಂತ್ಯಾಕ ಇರಲಿ. ಇನ್ನ ಮ್ಯಾಲ ನೀವು ಪತ್ರ ಹಾಕಬ್ಯಾಡ್ರಿ. ನಮ್ಮ ಮನ್ಯಾಗ ಓದಾವ್ರು ಯಾರೂ ಇಲ್ಲ.

ಸಹಿ: ಅಲ್ಲಾಸಾಬ